ಗುರುವಾರವೇ ಮುಗಿದ ಶುಕ್ರವಾರದ ಸಭೆ

ದೇವದುರ್ಗ
೯ ಜನವರಿ ೧೯೮೧

'ಕೋಟೆ ಕಹಳೆ' ವಾರಪತ್ರಿಕೆಯ ಉಪಸಂಪಾದಕರೂ, ಪ್ರೂಫ್ ತಿದ್ದುವವರೂ, ಜಾಹೀರಾತಿಗಾಗಿ ರಾಯಚೂರಿನ ಅಂಗಡಿ ಅಂಗಡಿ ಅಲೆಯುವವರೂ, ಕಸಬರಿಗೆ ಇಲಾಖೆಯ ಏಕೈಕ ಮುಖ್ಯಸ್ಥರೂ ಆದ ಶ್ರೀಮಾನ್ ಯಂಕಣ್ಣನವರ ಸನ್ನಿಧಾನಕ್ಕೆ, ದೇವದುರ್ಗದ ಹತ್ತಿ ಗಿರಣಿಯ ಗುಮಾಸ್ತನೂ ತಮ್ಮ ಪತ್ರಿಕೆಯ ಬಿಟ್ಟಿ ವಿಶೇಷ ಪ್ರತಿನಿಧಿಯೂ ಆದ ಹನುಮಂತ್ರಾಯನು ಹತ್ತಿ ಧೂಳಿನಲ್ಲಿ ಸೀನುತ್ತ ಮಾಡಿಕೊಳ್ಳುವ ಬಿನ್ನಹ.

ತಾವು ಕಳೆದ ಶನಿವಾರ ಅಚ್ಚು ಮಾಡಿದ ನನ್ನ ವರದಿ ಊರನ್ನು ಅಲ್ಲಾಡಿಸಿದೆ. ಸಂತಿ ಬಜಾರದ ಬೋರಿಂಗು ಮೂರು ಬ್ಯಾಸಗಿಯಿಂದ ಒಂದು ಹನಿ ನೀರೂ ಕೊಡದೆ ಮೌನವ್ರತ ಹಿಡಿದು ಕೂತಿರುವುದು ತಮಗೆ ಗೊತ್ತು. ಅದರ ತಪಸ್ಸನ್ನು ಮೆಚ್ಚಿ ನಾಗರಿಕರು ಅದಕ್ಕೆ ಶಾಲು ಹೊದಿಸಿ, ಹಾರ ಹಾಕಿ, ಫಲ ತಾಂಬೂಲ ಕೊಟ್ಟು ಸನ್ಮಾನಿಸಿದರೆಂದು ನಾನು ಬರೆದಿದ್ದೆ. ಅಂಥ ಸಮಾರಂಭ ನಡೆದಿಲ್ಲ ಎಂಬುದು ನನಗೆ ಗೊತ್ತು, ಬೋರಿಂಗಿಗೆ ಗೊತ್ತು. ಆದರೆ ನಮ್ಮ ಪತ್ರಿಕೆಯಲ್ಲಿ ನಡೆದ ಮೇಲೆ ಬರೆದ ವರದಿ ಯಾವುದಿದೆ ಹೇಳು? ಗುರುವಾರ ಮೊಳೆ ಜೋಡಿಸಬೇಕು, ಸಮಾರಂಭ ಇರುವುದು ಶುಕ್ರವಾರ, ಪೇಪರು ಹೊರಡುವುದು ಶನಿವಾರ. ಹಾಗಾಗಿ ಸಭೆ ಮಾಡುವವರೇ ಬುಧವಾರ ಬಂದು 'ಕಿಕ್ಕಿರಿದ ಜನಸ್ತೋಮದ ನಡುವೆ ಜರುಗಿತು' ಎಂದು ಬರೆಸಿ ಹೋಗುತ್ತಾರೆ. ನಾನೂ ಅದೇ ಸಂಪ್ರದಾಯ ಪಾಲಿಸಿದೆ. ಸಭೆಯೊಂದನ್ನು ಮಾತ್ರ ಬಿಟ್ಟೆ.

ಮಜಾ ಕೇಳು. ಅಧ್ಯಕ್ಷತೆ ವಹಿಸಿದರೆಂದು ಕಟ್ಟಿಗಿ ಅಡ್ಡಾದ ಯಂಕೋಬ ಸೇಠರ ಹೆಸರು ಹಾಕಿದ್ದೆನಲ್ಲ? ಬೈಗುಳಕ್ಕೆ ತಯಾರಾಗಿ ಅವರ ಅಡ್ಡಾದ ಮುಂದೆ ಹಾಯ್ದೆ. ಕರೆದು ಕೂಡಿಸಿ ಚಹಾ ತರಿಸಿದರು. "ಚೊಲೋ ಬರ್ದೀರಿ ತಮ್ಮಾ. ಆದ್ರ ನಾ ಮಾತಾಡಿದ್ರಾಗ ಅರ್ಧ ಬಿಟ್ಟೀರಿ" ಅಂದರು!

ಅಲ್ಲಿ ಓಣಿಯಲ್ಲಿ ಅವ್ವ ಒಬ್ಬಳೇ, ಆಕೆಯ ಕಡೆ ಹೋಗಿ ಬರುತ್ತಿರು. ಸುಗ್ಗಿ ಉಣ್ಣೆ ಬರೋ ಹೊತ್ತು. ಬಯಲಿನಲ್ಲಿ ಕಂಬಳಿಯ ಉದ್ದನೂಲಿನ ಹಾಸು ಎಳೆದು ಗಂಜಿ ಹಚ್ಚುವಾಗ ಬಿಸಿಲಿನ ಖಬರು ಆಕೆಗೆ ಇರುವುದಿಲ್ಲ.

ಇಂತಿ,
ಬಿಟ್ಟಿ ಪ್ರತಿನಿಧಿ


ರಾಯಚೂರು
೨೦ ಜನವರಿ ೧೯೮೧

ಲೇ ಹನುಮ್ಯಾ,

ನಿನ್ನ ಕಾಗದ ಪ್ರೆಸ್ಸಿನಾಗ ಎಲ್ಲಾರ ಮುಂದ ಗಟ್ಟಿಯಾಗಿ ಓದಿದೆ. ಮೊಳಿ ಜೋಡಸೋ ನಬೀಸಾಬ್ ನಕ್ಕು ನಕ್ಕು ಕೈಯಾಗಿನ ಮೊಳಿ ಚೆಲ್ಲಿದ. ಆಮ್ಯಾಲೆ ಅವನ್ನ ನಾನೇ ಆರಸಿದೆ, ಕಸಾನೂ ನಾನೇ ಹೊಡದೆ.

ನಿಮ್ಮವ್ವ ಆರಾಮ ಅದಾಳ. ದಿನಾ ಒಂದು ಹೊತ್ತು ಅಲ್ಲೇ ಊಟ. "ಹನುಮ ದೂರ ಹೋದ್ರೇನು, ಇವ ಅದಾನಲ್ಲ ನನ್ನ ಮಗ" ಅಂತ ಓಣಿಗೆಲ್ಲಾ ಹೇಳ್ಕೋತ ಅಡ್ಡಾಡ್ತಾಳ. ಬಯಲಿನಾಗ ಈಗ ಐದಾರು ಮನಿಯವರ ಹಾಸು ಒಮ್ಮಿಗೇ ಬಿದ್ದಾವ. ಕೋಟಿ ಗ್ವಾಡಿ ಬುಡದಿಂದ ರಸ್ತಾದತನಕ ಕರೀ ನೂಲೇ ನೂಲು. ಹುಣಸಿ ಬೀಜದ ಗಂಜಿ ವಾಸನಿ ಪ್ರೆಸ್ಸಿನತನ ಬರ್ತದ. ಕಂಬಳಿ ನೇಯೋರಿಗೆ ಅದೊಂದು ಜಾಗಾ ಇರೋದಕ್ಕ ನಡದದ. ಮನಿಯೊಳಗ ಅಷ್ಟುದ್ದ ಹಾಸು ಎಲ್ಲಿ ಎಳೀಬೇಕು?

ಒಂದು ಕೆಲಸ ಆಗಬೇಕು. ಹೋಳಿ ಹುಣ್ಣಿವಿಗೆ ನಮ್ಮ ಪತ್ರಿಕಿ ಸುಳ್ಳು ಸುದ್ದಿ ಹಾಕಿ ನಗಸೋ ಮಷ್ಕಿರಿ ಸಂಚಿಕಿ ತರ್ತದ. ನಮ್ಮ ಮುನ್ಸಿಪಾಲ್ಟಿ ಮೆಂಬರ್ ಗಡಿಗೆಪ್ಪನವರು ಗೊತ್ತಲ್ಲ, ಈಗ 'ಕೋಟೆ ಬಾಜೂ ವಿಕಾಸ ಸಮಿತಿ' ಅಂತ ಮಾಡ್ಕೊಂಡು ಅದರ ಅಧ್ಯಕ್ಷರಾಗ್ಯಾರ. ತಮ್ಮ ಮನಿ ಮುಂದಿನ ಅಂಗಳ ಊರಿಗೆ ದಾನ ಕೊಟ್ರು ಅಂತ ಒಂದು ವರದಿ ಹಾಕೋಣ ಅಂತ ಅದ. ಅಂಥಾದ್ದು ಬರಿಯೋದು ನಿನ್ನಿಂದ ಮಾತ್ರ ಆಗ್ತದ. ಒಂದು ಓಣಿ ಮಂದಿ ಜಾಗಾ ಬಿಟ್ಟುಕೊಟ್ಟಂಗ, ಸಭಾ ಆದಂಗ, ಯಾರೋ ಹಿರೇರು ಮಾತಾಡಿದಂಗ. ಹೆಸರು ಖಾಲಿ ಬಿಡು, ನಾ ತುಂಬತೀನಿ.

ಜಲ್ದಿ ಕಳಸು.

ಯಂಕಣ್ಣ


ದೇವದುರ್ಗ
೨೮ ಜನವರಿ ೧೯೮೧

ಮಹಾಸ್ವಾಮಿ,

ಅಪ್ಪಣೆ ತಲುಪಿತು. ಗಿರಣಿಯ ಮಾಲೀಕರ ಕಣ್ಣು ತಪ್ಪಿಸಿ, ಹತ್ತಿ ಅಂಡಿಗೆಗಳ ಹಿಂದೆ ಕೂತು, ಅತ್ಯಂತ ಗಂಭೀರ ಮುಖಮುದ್ರೆಯಿಂದ ಈ ಕೆಳಗಿನದನ್ನು ರಚಿಸಿದ್ದೇನೆ:

"ರಾಯಚೂರು: ನಗರದ ಪುರೋಭಿವೃದ್ಧಿಯ ಯಜ್ಞಕುಂಡಕ್ಕೆ ತಮ್ಮ ತಲೆತಲಾಂತರದ ____ವನ್ನು ಸಮಿಧೆಯಾಗಿ ಅರ್ಪಿಸಲು ____ ಓಣಿಯ ಸಮಸ್ತ ನಾಗರಿಕರು ಶುಕ್ರವಾರ ಸಂಜೆ ಜರುಗಿದ ಮಹಾಸಭೆಯಲ್ಲಿ ಹರ್ಷೋದ್ಗಾರಗಳ ನಡುವೆ ಒಕ್ಕೊರಲಿನಿಂದ ಸಮ್ಮತಿಸಿದರು. ಓಣಿಯ ಹಿರಿಯ ಜೀವ ಶ್ರೀಮತಿ ____ ಅವರು ಎದ್ದು ನಿಂತು, 'ನಮಗೇತಕ್ಕೆ ಬಯಲು? ನಮ್ಮ ಹೃದಯಗಳೇ ಬಯಲಾಗಿವೆ' ಎಂದು ಗದ್ಗದಿತರಾಗಿ ನುಡಿದಾಗ ನೆರೆದವರ ಕಣ್ಣುಗಳು ತೇವಗೊಂಡವು. ಶ್ರೀಮತಿ ____, ಶ್ರೀಮತಿ ____, ಶ್ರೀ ____ ಮುಂತಾದ ತ್ಯಾಗಮೂರ್ತಿಗಳು ವೇದಿಕೆಯನ್ನು ಅಲಂಕರಿಸಿದ್ದರು. ಆಕ್ಷೇಪಣೆಗಳು ಒಂದೂ ಬರಲಿಲ್ಲ."

ಕಡೆಯ ವಾಕ್ಯ ನೋಡಿದೆಯಾ? ಅದು ಅಚ್ಚ ಕಚೇರಿ ಭಾಷೆ. ಅದಿಲ್ಲದೆ ವರದಿಗೆ ತೂಕ ಬರುವುದಿಲ್ಲ. ಹೃದಯ ಬಯಲಾದ ಮಾತು ಮೆಂಬರರ ಹೆಂಡತಿಯ ಬಾಯಲ್ಲಿ ಹಾಕಿದರೆ ಹೋಳಿಯ ಬಣ್ಣವೇ ಬೇಡ.

ನಿನ್ನ ಹನುಮ್ಯಾ


ದೇವದುರ್ಗ
೨ ಮಾರ್ಚ್ ೧೯೮೧

ಕಾಣೆಯಾಗಿದ್ದಾರೆ!

ಉಪಸಂಪಾದಕರೊಬ್ಬರು ಕಾಣೆಯಾಗಿದ್ದಾರೆ. ಸಾಧಾರಣ ಮೈಕಟ್ಟು, ಬೆರಳಿನಲ್ಲಿ ಮಸಿ, ಬಾಯಲ್ಲಿ ಎಲಿ ಅಡಿಕಿ. ಸುಳಿವು ಕೊಟ್ಟವರಿಗೆ ದೇವದುರ್ಗದ ಒಂದು ತಾಟು ಮಂಡಾಳ ವಗ್ಗಾಣಿ.

ಯಾಕಲೇ, ಒಂದು ಸಾಲೂ ಇಲ್ಲ? ಫೆಬ್ರವರಿಯ ಪೇಪರ್ ಕಟ್ಟೂ ಬಸ್ಸಿಗೆ ಬರಲಿಲ್ಲ. ಕಂಡಕ್ಟರನ್ನು ಕೇಳಿದರೆ "ನಿಮ್ಮ ಪ್ರೆಸ್ಸಿನವರು ದೇವದುರ್ಗಕ್ಕ ಬ್ಯಾಡ ಅಂದಾರ್ರೀ" ಅನ್ನುತ್ತಾನೆ. ಅವನಿಗೆ ಕಿವಿ ಮಂದ, ಏನು ಕೇಳಿದನೋ. ನನ್ನ ಬರಹ ಹೋಳಿಗೆ ಕಾದಿಟ್ಟಿದ್ದೀಯೋ, ಇಲಿ ತಿಂದಿತೋ? ಜ್ವರಗಿರ ಬಂದಿದ್ದರೆ ಮಷ್ಕಿರಿ ಬಿಟ್ಟು ಬರಿ. ಎರಡು ದಿನ ರಜಾ ಹಾಕಿ ಬರುತ್ತೇನೆ.

ಹನುಮಂತ್ರಾಯ


ರಾಯಚೂರು
೧೪ ಮಾರ್ಚ್ ೧೯೮೧

ಹನುಮಂತ್ರಾಯಗೆ,

ಜ್ವರ ಇಲ್ಲ. ಕೆಲಸ ಭಾಳ. ಪ್ರೆಸ್ಸು ಕೈ ಬದಲಾಗಾಕತ್ತದ, ಹಳೇ ಸಂಪಾದಕರು ಬಿಟ್ರು. ಹೋಳಿ ಸಂಚಿಕಿ ಈ ಸಲ ಇಲ್ಲ. ರಜಾ ಹಾಕಿ ಬರೋ ಜರೂರು ಏನಿಲ್ಲ.

ನಿಮ್ಮವ್ವ ಬಾಜೂಕ ಕೂತು ಇದನ್ನ ಬರಿ ಅಂತಾಳ, ಅದಕ ಬರೀತೀನಿ. ಆಕಿ ಹೆಸರು ಪೇಪರಿನಾಗ ಬಂದದ. 'ಶ್ರೀಮತಿ ಆದೆಮ್ಮ' ಅಂತ. ಬಾಜೂ ಮನಿ ಕರೆಮ್ಮಂದೂ ಬೂದೆಮ್ಮಂದೂ ಬಂದದ. ಓಣಿ ಮಂದಿ ಕಟ್ಟಿ ಮ್ಯಾಲೆ ಕೂತಾಗ ನಾನೇ ಓದಿ ಹೇಳಿದೆ. ಹೆಸರು ಬಂದಾಗೊಮ್ಮೆ "ಇನ್ನೊಮ್ಮೆ ಓದು, ಇನ್ನೊಮ್ಮೆ ಓದು" ಅಂದ್ರು. ಪೇಪರನ್ನ ನಿಮ್ಮವ್ವ ದೇವರ ಜಗಲಿ ಮ್ಯಾಲೆ ಇಟ್ಟಾಳ.

ಬಾಕಿ ಎಲ್ಲಾ ಚೊಲೋ ಅದ.

ಯಂಕಣ್ಣ


ದೇವದುರ್ಗ
೨೦ ಮಾರ್ಚ್ ೧೯೮೧

ನನ್ನ ದೋಸ್ತ,

ಎಂಥ ಸುದ್ದಿ ಬರೆದಿಯೋ! ಗಿರಣಿಯಲ್ಲಿ ಎಲ್ಲರಿಗೂ ಬೆಲ್ಲ ಹಂಚಿದೆ. ನಮ್ಮವ್ವನನ್ನು ಹುಟ್ಟಿದಾಗಿನಿಂದ ಯಾರೂ ಶ್ರೀಮತಿ ಅಂದದ್ದಿಲ್ಲ. ರೇಷನ್ ಅಂಗಡಿಯವ "ಏ ಕಂಬಳ್ಯಾಕಿ" ಅಂತಾನ. ನೀನು ಅಂದಿ. ಅಚ್ಚಿನಲ್ಲಿ ಅಂದಿ. ನಾನು ಊರ ಬೋರಿಂಗಿಗೆಲ್ಲ ಸನ್ಮಾನ ಮಾಡಿದೆ, ಅವ್ವನ ನೆನಪು ನನಗೆ ಬರಲಿಲ್ಲ, ನಿನಗೆ ಬಂತು.

ಯಾವುದಕ್ಕೆ ಬಂದದ್ದು ಅಂತ ಬರೆದೇ ಇಲ್ಲ. ಕಂಬಳಿಗೆ ಏನಾದರೂ ಬಹುಮಾನವೋ? ಒಂದು ಪ್ರತಿ ಕಳಿಸು, ಕಟ್ಟು ಹಾಕಿಸಿ ಗೋಡೆಗೆ ಹೊಡೆಯುತ್ತೇನೆ. ಅವ್ವನಿಗೆ ಹೇಳು: ಶ್ರೀಮತಿ ಆದೆಮ್ಮನವರ ಏಕಮಾತ್ರ ಪುತ್ರನು ಸಾಷ್ಟಾಂಗ ಬಿದ್ದಿದ್ದಾನೆ, ಎಬ್ಬಿಸಲು ಇಬ್ಬರು ಬೇಕಾದರು ಅಂತ.

ಈ ಕಾಗದದಲ್ಲಿ ಮಷ್ಕಿರಿ ಕಡಿಮೆ ಆಯಿತು. ಕ್ಷಮಿಸು.

ಹನುಮ


ಮಾನ್ವಿ
೧೧ ಏಪ್ರಿಲ್ ೧೯೮೧

ಯಂಕಣ್ಣ,

ಹತ್ತಿ ಖರೀದಿಗೆ ಗಿರಣಿಯವರು ನನ್ನನ್ನು ಮಾನ್ವಿಗೆ ಕಳಿಸಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಹಿರೇಕೊಟ್ನೆಕಲ್ಲಿನ ಬೂದೆಪ್ಪ ಮಾವ ಸಿಕ್ಕ. ನಮ್ಮ ಓಣಿಗೆ ಉಣ್ಣೆ ಹಾಕುವವ. ಅವನ ಉಣ್ಣೆ ಗಂಟು ಬಿಚ್ಚದೆ ಹಾಗೇ ಇತ್ತು.

"ಯಾಕ ಮಾವಾ, ವಾಪಸ್ ತಂದಿ?"

"ಯಾರು ಒಯ್ತಾರಪಾ? ಬಯಲಿಗೆ ತಂತಿ ಬೇಲಿ ಬಿದ್ದದ, ಅಂಗಡಿ ಮಳಿಗಿ ಕಟ್ತಾರಂತ. ನಿಮ್ಮವ್ವ ಹಾಸು ಹೆಗಲ ಮ್ಯಾಲೆ ಹಾಕ್ಕೊಂಡು ರೈಲ್ವೆ ಹಳಿ ಬಾಜೂಕ ಜಾಗಾ ಹುಡುಕಾಕತ್ತಿದ್ಲು. ಮುಳ್ಳಿಗೆ ಸಿಕ್ಕು ಅರ್ಧ ಹರದದ."

"ಬೇಲಿ ಹಾಕೋದಕ್ಕ ಯಾರು ಹೇಳಿದ್ರು?"

"ನೀವೇ ಕೊಟ್ಟೀರಿ, ಪೇಪರಿನಾಗ ಬಂದದ ಅಂತಾರ ಬೇಲಿಯವರು. ನಿಮ್ಮವ್ವ ಅವರಿಗೇ ಬೈದ್ಲು. 'ನಮ್ಮ ಯಂಕ ಓದಿ ಹೇಳ್ಯಾನ, ಅದ್ರಾಗ ಹಂಗೇನಿಲ್ಲ, ಬರೀ ನಮ್ಮ ಹೆಸರವ' ಅಂದ್ಲು."

ಇಲ್ಲಿಯ ವಾಚನಾಲಯದಲ್ಲಿ 'ಕೋಟೆ ಕಹಳೆ' ಹಳೇ ಸಂಚಿಕೆಗಳನ್ನು ದಾರದಲ್ಲಿ ಪೋಣಿಸಿ ಇಟ್ಟಿದ್ದಾರೆ. ದೇವದುರ್ಗಕ್ಕೆ ತಡೆದಿ, ಮಾನ್ವಿಗೆ ತಡೆಯುವುದು ಮರೆತಿ. ಫೆಬ್ರವರಿಯ ಎರಡನೇ ಶನಿವಾರದ್ದು. ಮೊದಲನೇ ಪುಟ. ಯಜ್ಞಕುಂಡ ಇದೆ. ಸಮಿಧೆ ಇದೆ. ಖಾಲಿ ಬಿಟ್ಟಲ್ಲೆಲ್ಲ ಒಂದೊಂದು ಹೆಸರಿದೆ. 'ಹಾಸಿನ ಬಯಲು'. 'ಕಂಬಳಿ ಓಣಿ'. ನಮ್ಮ ಹೃದಯಗಳೇ ಬಯಲಾಗಿವೆ ಎಂದು ಗದ್ಗದಿತರಾದವರು ಶ್ರೀಮತಿ ಆದೆಮ್ಮ.

ಒಂದು ಅಕ್ಷರ ನೀನು ತಿದ್ದಿಲ್ಲ. ಆಕ್ಷೇಪಣೆಗಳು ಒಂದೂ ಬರಲಿಲ್ಲ ಅನ್ನೋದೂ ಹಾಗೇ ಇದೆ.

ಇದು ಮೆಂಬರ್ ಗಡಿಗೆಪ್ಪ ನಿನಗೆ ಗೊತ್ತಿಲ್ಲದಂತೆ ಮಾಡಿಸಿದ್ದು ಅಂತ ಬರಿ. ಸುಳ್ಳಾದರೂ ಬರಿ. ನಾನು ನಂಬುತ್ತೇನೆ. ಜಗಲಿಯ ಮೇಲಿನ ಆ ಪೇಪರಿಗೆ ಅವ್ವ ದಿನಾ ಊದುಬತ್ತಿ ಬೆಳಗುತ್ತಿರಬೇಕಲ್ಲೋ.

ಹನುಮಂತ್ರಾಯ


ರಾಯಚೂರು
೧೯ ಏಪ್ರಿಲ್ ೧೯೮೧

ಹನುಮಂತ್ರಾಯ,

ಸುಳ್ಳು ಬರಿಯಂಗಿಲ್ಲ. ಗೊತ್ತಿದ್ದೇ ಮಾಡೀನಿ.

ಓಣಿಯವರ ಒಪ್ಪಿಗಿ ಇದ್ರ ಮಳಿಗಿ ಕಟ್ಟಾಕ ಮುನ್ಸಿಪಾಲ್ಟಿಯಿಂದ ಬಯಲು ಸಿಗ್ತದ ಅಂತ ಸಮಿತಿಯವರಿಗೆ ಗೊತ್ತಾಗಿತ್ತು. ಖರೇ ಸಭಾ ಕರದ್ರ ನಿಮ್ಮವ್ವ ಒಬ್ಬಾಕೇ ಸಾಕು, ಎಲ್ಲಾರನ್ನೂ ಎಬ್ಬಿಸಿ ಕಳಸ್ತಿದ್ಲು. ಪೇಪರಿನಾಗ ಬಂದ್ರ ಊರಾಗ ಯಾರೂ ಅಲ್ಲ ಅನ್ನಂಗಿಲ್ಲ ಅನ್ನೋದು ನೀನೇ ತೋರಿಸಿದ್ದಿ. ಯಂಕೋಬ ಸೇಠರ ಚಹಾ ನೀ ಕುಡದಿ. ನಾ ಅದನ್ನ ಓದಿದೆ.

ಈಗ ನೀ ಕೇಳು. ಕಸಬರಿಗೆ ಇಲಾಖೆಯ ಮುಖ್ಯಸ್ಥ ಅಂತ ಬರದಿದ್ದಿ. ಎಲ್ಲಾರೂ ನಕ್ರು, ನಾನೂ ನಕ್ಕೆ. ನಕ್ಕಾದ ಮ್ಯಾಲೆ ಕಸಬರಿಗಿ ಹಿಡದವ ನಾನು. ನಿನಗ ದೇವದುರ್ಗನೂ ಮಷ್ಕಿರಿ, ಪೇಪರೂ ಮಷ್ಕಿರಿ, ನಾನೂ ಮಷ್ಕಿರಿ. ಆರು ವರ್ಷ ಪ್ರೆಸ್ಸಿನಾಗ ದುಡದೀನಿ. ಪೇಪರಿನ ಯಾವ ಮೂಲ್ಯಾಗೂ ನನ್ನ ಹೆಸರಿಲ್ಲ. ಈಗ ಪ್ರೆಸ್ಸು ಗಡಿಗೆಪ್ಪನವರದು. ಮುಂದಿನ ವಾರದಿಂದ ಕೆಳಗ 'ಸಂಪಾದಕ: ಯಂಕಣ್ಣ' ಅಂತ ಬರ್ತದ.

ನಿಮ್ಮವ್ವನ ಕೈ ಬಿಡೂದಿಲ್ಲ. ಮಳಿಗಿ ಆದ ಮ್ಯಾಲೆ ಆಕಿಗೆ ಒಂದು ಮೂಲಿ ಕೊಡಸ್ತೀನಿ, ಕಂಬಳಿ ಮಾರಲಿ. ಬ್ಯಾರೇ ಕಡಿ ನೇದದ್ದು ಮಾರಲಿ. ನೀ ಬಾಯಿ ಮುಚ್ಚಿಕೊಂಡಿರು. ಹೇಳಬೇಕಂದ್ರ ಪೂರಾ ಹೇಳಬೇಕಾಗ್ತದ. ಆಕಿ ಬಾಯಾಗ ಆ ಮಾತು ಇಟ್ಟವ ಯಾರು ಅನ್ನೋದೂ ಸೇರಿ. ಅಷ್ಟು ಧೈರ್ಯ ನಿನಗಿಲ್ಲ.

ಯಂಕಣ್ಣ


ರಾಯಚೂರು, ಕಂಬಳಿ ಓಣಿ
೩ ಮೇ ೧೯೮೧

ಯಂಕಣ್ಣ,

ನಿನ್ನ ಪ್ರೆಸ್ಸು ಇಲ್ಲಿಂದ ಕೂಗಳತಿ ದೂರದಾಗ ಅದ. ಆದ್ರೂ ಬರದೇ ಕಳಸ್ತೀನಿ. ಎದುರಿಗೆ ಬಂದ್ರ ಕೈ ಎತ್ತತೀನೋ ಏನೋ.

ನೌಕರಿಗೆ ರಜಾ ಹಾಕಿ ಬಂದು, ಬಂದ ದಿನಾನೇ ಅವ್ವಗ ಹೇಳಿದೆ. ಜಗಲಿ ಮ್ಯಾಲಿನ ಪೇಪರ್ ತಂದು ಕೈಯಾಗ ಕೊಟ್ಟು "ಪೂರಾ ಓದು" ಅಂದ್ಲು. ಓದಿದೆ. ನಡಕ ನಿಲ್ಲಿಸಿದ್ಲು.

"ಈ ಬಯಲಿನ ಮಾತು ನಾ ಅಂದಿದ್ದಾ?"

"ಹಂಗ ಬರದದ ಯವ್ವಾ."

"ಗದ್ಗದಿತ ಅಂದ್ರೇನು?"

"ಅಳು ಬಂದು ಗಂಟಲು ಕಟ್ಟೋದು."

"ನಾ ಯಾವಾಗ ಅತ್ತೆ?"

ಬರದವ ನಾನು ಅಂತ ಆಗ ಹೇಳಿದೆ. ಯಾರಿಗೆ ಬರದೆ, ಯಾಕ ಬರದೆ, ಅಂಡಿಗಿ ಹಿಂದ ಕೂತು ಎಷ್ಟು ನಕ್ಕೆ, ಎಲ್ಲಾ. ಆಕಿ ಪೇಪರ್ ವಾಪಸ್ ಇಸಕೊಂಡ್ಲು. ಆಮ್ಯಾಲೆ ಕೇಳಿದ್ಲು, "ಹಂಗಾರ ಇದ್ರಾಗ ಯಂಕ ಬರದಿದ್ದು ಯಾವುದು?"

"ಹೆಸರು ಯವ್ವಾ. ಬರೇ ಹೆಸರು."

"ಅವ ತಾ ಬರದಿದ್ದಷ್ಟೇ ಓದಿ ಹೇಳ್ಯಾನ. ನೀ ಬರದಿದ್ದು ಬಿಟ್ಟಾನ" ಅಂದ್ಲು.

ಬೇಲಿ ತಗಸ್ರಿ ಅಂತ ಅರ್ಜಿ ಕೊಟ್ಟಿದ್ವಿ, ನಿನ್ನೆ ಮುನ್ಸಿಪಾಲ್ಟಿ ಸಾಹೇಬರ ಮುಂದ ವಿಚಾರಣಿಗೆ ಓಣಿ ಮಂದಿ ಎಲ್ಲಾ ಹೋದ್ವಿ. ನೀನೂ ಇದ್ದಿ, ಗಡಿಗೆಪ್ಪನವರ ಕುರ್ಚಿ ಹಿಂದ. ಮೊಳಿ ಗುರುವಾರ ಜೋಡಿಸಿದ್ದು, ಸಭಾ ಶುಕ್ರವಾರದ್ದು ಅಂತ ನಬೀಸಾಬ್ ಹೇಳಿದ. ಆ ಮುದುಕ ಕೆಲಸ ಕಳಕೊಂತೀನಿ ಅಂತ ಗೊತ್ತಿದ್ದೇ ಹೇಳಿದ. ಸಾಹೇಬರು "ಎಲ್ಲಾ ಸಭೆಗಳದ್ದೂ ಹಿಂಗೇ ಅಲ್ಲೇನ್ರೀ?" ಅಂದ್ರು. ಹೌದು ಅಂದ ನಬೀಸಾಬ್. ಮತ್ತೇನಂತಾನ?

ನಾ ಎದ್ದು ನಿಂತೆ. ವರದಿ ನಂದು, ಸಭಾ ಆಗೇ ಇಲ್ಲ, ದೇವದುರ್ಗದಾಗ ಕೂತು ಬರದೀನಿ ಅಂದೆ. ನನ್ನ ಜನ್ಮದಾಗ ಒಂದು ಮಾತು ಅಷ್ಟು ಸೀದಾ ಆಡಿಲ್ಲ. ಆಗ ನೀ ಬಗ್ಗಿ ಗಡಿಗೆಪ್ಪನವರ ಕೈಯಾಗ ಬೋರಿಂಗಿನ ಸನ್ಮಾನದ ಸಂಚಿಕಿ ಇಟ್ಟಿ. "ಈ ಹುಡುಗನ ಮಾತು ನಂಬಬ್ಯಾಡ್ರಿ ಸಾಹೇಬ್, ಇವ ಬೋರಿಂಗಿಗೆ ಶಾಲು ಹೊಚ್ಚೋ ಪೈಕಿ. ಈಗ ಇದೊಂದು ಹೊಸಾ ಮಷ್ಕಿರಿ" ಅಂದ್ರು ಅವರು. ಸಾಹೇಬರು ಅದನ್ನ ಓದಿದ್ರು, ನಕ್ರು. ಖೋಲಿ ತುಂಬ ನಕ್ರು. ಕರೆಮ್ಮನ ಬಾಯಾಗೂ ನಗು ಬಂತು, ಪಾಪ, ತಡಕೊಂಡ್ಲು. ಅಷ್ಟು ಚೊಲೋ ಬರದಿದ್ದೆ.

ಬೇಲಿ ತಗಿಯೋದಿಲ್ಲ ಅಂತ ಆಯ್ತು. ಅಲ್ಲಿದ್ದ ನಮ್ಮ ಹಾಸು ಕಟ್ಟೋ ಗೂಟ ಕಿತ್ತುಕೊಂಡು ಹೋಗಾಕ ನಮಗ ವಾಯ್ದೆ ಕೊಟ್ಟಾರ.

ನಡಕೊಂತ ಮನಿಗೆ ಬರೋತನ ಅವ್ವ ನನಗ ಬೈದ್ಲು. ನಡುರಸ್ತಾದಾಗ, ಮಂದಿ ನಿಂತು ನೋಡೋಹಂಗ. ನಿನ್ನ ಅಕ್ಷರಕ್ಕ ಬೆಂಕಿ ಹಾಕ, ನಿನ್ನ ಸಾಲಿಗೆ ಕಳಿಸಿದ ಕಾಲು ಮುರೀಲಿ, ನಿಮ್ಮಪ್ಪ ಇದ್ದಿದ್ರ ಬೆನ್ನಿನ ತೊಗಲು ಸುಲೀತಿದ್ದ ಅಂತ ಒಂದೊಂದಾಗಿ ಬೈದ್ಲು. ಮನಿಯೊಳಗ ಬಂದೂ ನಿಲ್ಲಿಸಲಿಲ್ಲ. ರೊಟ್ಟಿ ಬಡಕೊಂತ ಬೈದ್ಲು, ಗಂಗಾಳದಾಗ ಹಾಕಿಕೊಟ್ಟು ಬೈದ್ಲು. ನಿನಗ ಮಾತ್ರ ಒಂದು ಮಾತೂ ಅನ್ನಲಿಲ್ಲ. ನನಗ ಸಿಟ್ಟು ಬಂತು. "ಯವ್ವಾ, ಅವ ಅಷ್ಟು ಮಾಡಿದ್ರೂ ಅವಗ ಒಂದು ಬೈಗುಳನೂ ಇಲ್ಲಾ?" ಅಂತ ಕೇಳಿದೆ.

ಆಕಿ ಒಲಿ ಮುಂದಿನಿಂದ ತಿರುಗಿ ನೋಡಿದ್ಲು.

"ಮಂದಿ ಮಗನಿಗೆ ನಾ ಯಾಕ ಬೈಲಿ?" ಅಂದ್ಲು.

ಹನುಮಂತ್ರಾಯ